ಬಸ್ಸಿನ ಹಕ್ಕಿ, ಹಡಗಿನ ಹಕ್ಕಿ

ಇವತ್ತಿನ ಕಥೆ ಶುರುವಾಗೋದು ನಮ್ಮ ಸುಂಕದಕಟ್ಟೆ ಬಸ್ ಸ್ಟಾಪಲ್ಲಿ. ಮಾಗಡಿ ಕಡೆ ಹೊರಟಿದ್ದ ಕೆಎಸ್‌ಆರ್‌ಟಿಸಿ ಕೆಂಪು ಬಸ್ ತೋರಿಸಿ ಅಕ್ಕನ ಮಗ ಕೇಳಿದ: "ಮಾಮ, ಆ ಹಕ್ಕಿಗ್ಯಾಕೆ ಎರಡು ತಲೆ?"

"ಗಂಡಭೇರುಂಡ ಕಣೋ. ಯುದ್ಧನೌಕೆ ಮೇಲೂ ಇದೇ ಇದೆ" ಅಂದೆ. ಅವನು ನಂಬಲಿಲ್ಲ.

ಇದು ತುಂಬಾ ಹಳೇ ಹಕ್ಕಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಕಂಬ ಒಂದಿದೆ. ಅದರ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮುಂದೆ ವಿಜಯನಗರದ ಅಚ್ಯುತದೇವರಾಯನ ನಾಣ್ಯದಲ್ಲಿ ಇದು ಆನೆಗಳನ್ನೇ ಹಿಡಿದು ನಿಂತಿತು. ಆಮೇಲೆ ಮೈಸೂರು ಒಡೆಯರ ಲಾಂಛನವಾಯ್ತು, ಈಗ ಕರ್ನಾಟಕ ಸರ್ಕಾರದ್ದು.

ಸಮುದ್ರಕ್ಕೆ ಇಳಿದದ್ದು 1957ರ ಆಗಸ್ಟ್ 29ರಂದು. ಬ್ರಿಟಿಷರ 'ನೈಜೀರಿಯಾ' ಅನ್ನೋ ಕ್ರೂಸರ್ ನಮ್ಮ ನೌಕಾಪಡೆ ಸೇರಿ 'ಐಎನ್‌ಎಸ್ ಮೈಸೂರು' ಆಯ್ತು. ಲಾಂಛನ ಗಂಡಭೇರುಂಡ, ಧ್ಯೇಯವಾಕ್ಯ 'ನ ಬಿಭೇತಿ ಕದಾಚನ'. ಅಂದ್ರೆ, ಯಾವತ್ತೂ ಹೆದರಲ್ಲ.

ಕೇಳಿದ ಕೂಡಲೇ ಮೀಸೆ ತಿರುವೋ ಮಾತು ಅನ್ಸತ್ತೆ ಅಲ್ವಾ? ಆದರೆ ಈ ಪದಗಳು ತೈತ್ತಿರೀಯ ಉಪನಿಷತ್ತಿನವು. ಅಲ್ಲಿ ಶತ್ರುವಿನ ಸುದ್ದಿ ಇಲ್ಲ, ಕತ್ತಿಯ ಸುದ್ದಿಯೂ ಇಲ್ಲ. ಬ್ರಹ್ಮದ ಆನಂದವನ್ನ ಅರಿತವನು ಹೆದರಲ್ಲ ಅನ್ನುತ್ತೆ ಅದು. ಧೈರ್ಯ ತೋಳಿಂದಲ್ಲ, ಅರಿವಿಂದ ಬರತ್ತೆ ಅಂತ.

ಆ ಮಾತಿನ ತೂಕ ಗೊತ್ತಾಗೋದು 1971ರಲ್ಲಿ. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗು ಈ 'ಮೈಸೂರು'. ಡಿಸೆಂಬರ್ 9ರ ರಾತ್ರಿ ಅದೇ ಅರಬ್ಬೀ ಸಮುದ್ರದಲ್ಲಿ ಐಎನ್‌ಎಸ್ ಖುಕ್ರಿಗೆ ಟಾರ್ಪೆಡೋ ಬಡಿಯಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆಗೇ ಹೋದರು. ಆ ಸುದ್ದಿ ಕೇಳಿಯೂ ಮರುದಿನ ಡ್ಯೂಟಿಗೆ ನಿಂತವರನ್ನ ನೆನೆಸಿಕೊಳ್ಳಿ.

1973ರಲ್ಲಿ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಯ್ತು. ಹಡಗಿನ ಹೆಸರು ಬದಲಾಗಲಿಲ್ಲ. 1985ರಲ್ಲಿ ಅದು ನಿವೃತ್ತಿಯಾಯ್ತು. 1999ರ ಜೂನ್ 2ರಂದು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಡಿಸ್ಟ್ರಾಯರ್ ನೌಕಾಪಡೆ ಸೇರಿತು. ಅದೇ ಹೆಸರು, ಅದೇ ಹಕ್ಕಿ, ಅದೇ ಮೂರು ಪದ.

ಇಷ್ಟೂ ಹೇಳಿದ ಮೇಲೆ ಹುಡುಗ ಕೇಳಿದ: "ಹಾಗಾದ್ರೆ ಹಡಗಲ್ಲಿರೋರಿಗೆ ಭಯಾನೇ ಆಗಲ್ವಾ ಮಾಮ?"

"ಆಗತ್ತೆ ಕಣೋ. ಅದಕ್ಕೇ ಆ ಮಾತನ್ನ ದಿನಾ ಕಣ್ಣಿಗೆ ಬೀಳೋ ಹಾಗೆ ಬರೆದಿಟ್ಟಿರೋದು."

ಮುಂದಿನ ಸಲ ಬಸ್ ಹತ್ತೋವಾಗ ಆ ಹಕ್ಕಿ ಕಡೆ ಒಂದು ಸಲ ನೋಡಿ. ಮತ್ತೆ ಸಿಗೋಣ.