ಬಟನ್ ಇಲ್ಲದ ಫೋನಿನ ಮೇಲೆ ಒಂದು ಹಳೇ ಜಗಳ

ನಿಮ್ಮ ಕೈಯಲ್ಲಿರೋ ಫೋನನ್ನ ಒಮ್ಮೆ ನೋಡಿ. ಮುಂದುಗಡೆ ಒಂದಾದ್ರೂ ಬಟನ್ ಇದೆಯಾ? ಬಹುಶಃ ಇಲ್ಲ. ಇದೇ ವಿಷಯಕ್ಕೆ ಒಂದು ಕಾಲದಲ್ಲಿ ಜೋರು ಜಗಳ ನಡೆದಿತ್ತು. ಇವತ್ತಿನ ಕಥೆ ಅದು.

2007ರ ಜನವರಿ 9. ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ಸಮಾವೇಶ. ಮೊದಲ ಐಫೋನ್ ತೋರಿಸೋಕೆ ಮುಂಚೆ ಆಪಲ್‌ನ ಸ್ಟೀವ್ ಜಾಬ್ಸ್ ಬೇರೆ ನಾಲ್ಕು ಫೋನುಗಳನ್ನು ಪರದೆ ಮೇಲೆ ತಂದರು. ಮೋಟೋ ಕ್ಯೂ, ಬ್ಲ್ಯಾಕ್‌ಬೆರಿ, ಪಾಮ್ ಟ್ರಿಯೋ, ನೋಕಿಯಾ ಇ62. ನಾಲ್ಕರಲ್ಲೂ ಕೆಳಗಿನ ಅರ್ಧ ಪೂರ್ತಿ ಪುಟಾಣಿ ಕೀಗಳು. ಜಾಬ್ಸ್ ವಾದ ಇಷ್ಟೇ: ಈ ಪ್ಲಾಸ್ಟಿಕ್ ಕೀಗಳು ಬೇಕಿರಲಿ ಬೇಡದಿರಲಿ ಅಲ್ಲೇ ಇರ್ತವೆ. ಆರು ತಿಂಗಳ ನಂತರ ಹೊಸ ಐಡಿಯಾ ಹೊಳೆದರೆ, ಮಾರಿಹೋದ ಫೋನಿಗೆ ಹೊಸ ಬಟನ್ ಅಂಟಿಸೋಕಾಗಲ್ಲ.

ಟಚ್‌ಸ್ಕ್ರೀನ್ ಅವತ್ತೇ ಹುಟ್ಟಿದ್ದಲ್ಲ. ಐಬಿಎಂ ಕಂಪನಿಯ ಸೈಮನ್ ಅನ್ನೋ ಟಚ್ ಫೋನ್ 1994ರಲ್ಲೇ ಮಾರಾಟಕ್ಕಿತ್ತು. ಆದರೆ ಆ ಕಾಲದ ಬಹುತೇಕ ಪರದೆಗಳನ್ನ ಒತ್ತಬೇಕಿತ್ತು, ಅದಕ್ಕೊಂದು ಕಡ್ಡಿ ಬೇರೆ. ಐಫೋನ್ ಗಾಜು ಒತ್ತಡವನ್ನಲ್ಲ, ಬೆರಳಿನಿಂದ ಆಗುವ ಸೂಕ್ಷ್ಮ ವಿದ್ಯುತ್ ಬದಲಾವಣೆಯನ್ನ ಗುರುತಿಸುತ್ತಿತ್ತು. ಅದಕ್ಕೇ ಮೆಲ್ಲಗೆ ಸವರಿದರೆ ಸಾಕು. ಮಳೆಯಲ್ಲಿ ಒದ್ದೆ ಕೈಲಿ ಫೋನ್ ಹಿಡಿದಾಗ ಅದು ತಿಕ್ಕಲು ತಿಕ್ಕಲಾಗಿ ಆಡೋದೂ ಇದೇ ಕಾರಣಕ್ಕೆ!

ಸರಿ, ಜಗಳ ಎಲ್ಲಿ? ಮೈಕ್ರೋಸಾಫ್ಟ್ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಟಿವಿ ಸಂದರ್ಶನದಲ್ಲಿ ನಕ್ಕೇಬಿಟ್ಟರು. ಒಂದು ಫೋನಿಗೆ 500 ಡಾಲರಾ? ಕೀಬೋರ್ಡೇ ಇಲ್ಲ, ಆಫೀಸಿನವರು ಇದರಲ್ಲಿ ಇಮೇಲ್ ಹೇಗೆ ಬರೀತಾರೆ ಅನ್ನೋದು ಅವರ ಪ್ರಶ್ನೆ. ಈಗ ಆ ವಿಡಿಯೋ ಹಾಕಿ ಅವರನ್ನ ಗೇಲಿ ಮಾಡೋದು ಸುಲಭ. ಆದರೆ ನಿಜ ಹೇಳಿ, ಅವತ್ತಿನ ಫೋನ್ ಹೇಗಿತ್ತು? 3ಜಿ ಇಲ್ಲ. ವಿಡಿಯೋ ತೆಗೆಯೋಕಾಗಲ್ಲ. ಆಪ್ ಸ್ಟೋರ್ ಬಂದಿದ್ದು 2008ರ ಜುಲೈಗೆ, ಕಾಪಿ-ಪೇಸ್ಟ್ 2009ಕ್ಕೆ. ಬ್ಯಾಟರಿ ಬಿಚ್ಚೋ ಹಾಗಿಲ್ಲ. 2007ರ ಜೂನ್ 29ಕ್ಕೆ 599 ಡಾಲರ್ ಇದ್ದ 8 ಜಿಬಿ ಮಾಡೆಲ್ ಸೆಪ್ಟೆಂಬರಿನಲ್ಲಿ 399ಕ್ಕೆ ಇಳಿಯಿತು. ಕ್ಯೂ ನಿಂತು ಕೊಂಡವರು ಸಿಟ್ಟಾದರು, ಆಪಲ್ ಅವರಿಗೆ 100 ಡಾಲರ್ ಕ್ರೆಡಿಟ್ ಕೊಟ್ಟು ಸಮಾಧಾನ ಮಾಡಬೇಕಾಯ್ತು. ಕೈಯಲ್ಲಿದ್ದ ಫೋನಿನ ಬಗ್ಗೆ ಟೀಕೆ ಮಾಡಿದವರು ಹೇಳಿದ್ದರಲ್ಲಿ ಬಹಳಷ್ಟು ಸರಿಯಾಗೇ ಇತ್ತು ಅಂತ ನನಗನ್ನಿಸುತ್ತೆ.

ನಮ್ಮ ದೇಶಕ್ಕೆ ಐಫೋನ್ ಅಧಿಕೃತವಾಗಿ ಬಂದಿದ್ದು 2008ರ ಆಗಸ್ಟ್‌ನಲ್ಲಿ, ಅದರ ಎರಡನೇ ಮಾಡೆಲ್. ಬೆಲೆ 31,000 ರೂಪಾಯಿ! ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಆಗ ಕೀಪ್ಯಾಡ್ ಫೋನೇ. ‘ಎಸ್’ ಅಕ್ಷರ ಬೇಕಂದ್ರೆ 7ನ್ನ ನಾಲ್ಕು ಸಲ ಒತ್ತಬೇಕು. ಆದರೂ ಡೆಸ್ಕ್ ಕೆಳಗೆ ಕೈಯಿಟ್ಟು, ಮೇಷ್ಟ್ರ ಮುಖ ನೋಡ್ತಾನೇ ಇಡೀ ಮೆಸೇಜ್ ಟೈಪ್ ಮಾಡೋ ವಿದ್ಯೆ ನಮಗೆ ಗೊತ್ತಿತ್ತು. ಮೆಸೇಜ್ ಮಾತ್ರ ‘ಊಟ ಆಯ್ತಾ’ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು.

ಇಲ್ಲೇ ನೋಡಿ ಜಗಳ ಮಗುಚಿಕೊಳ್ಳೋದು. ಕನ್ನಡದಲ್ಲಿ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರ ಎಲ್ಲಾ ಸೇರಿದರೆ ಹನ್ನೆರಡು ಕೀಗಳ ಮೇಲೆ ಅಚ್ಚು ಹಾಕೋಕೆ ಜಾಗವೇ ಸಾಲದು. ಗಾಜಿನ ಮೇಲೆ ಕೀಗಳು ಬರೀ ಚಿತ್ರ. ಒಂದು ಅಪ್‌ಡೇಟ್ ಬಂದರೆ ಚಿತ್ರ ಬದಲಾಗುತ್ತೆ. ಎಲ್ಲರೂ ಬೈದ ‘ಕೀಬೋರ್ಡ್ ಇಲ್ಲ’ ಅನ್ನೋ ಕೊರತೆಯೇ ನಮ್ಮ ಲಿಪಿಗೆ ಬಾಗಿಲಾಯ್ತು.

ಬಾಗಿಲು ಬೇಗ ತೆರೀಲಿಲ್ಲ ಅನ್ನೋದು ಬೇರೆ ಮಾತು. ಶುರುವಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸುದ್ದಿ ತೆರೆದರೆ ಕಾಣ್ತಿದ್ದದ್ದು ಖಾಲಿ ಚೌಕಗಳ ಸಾಲು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿಗೆ ಬೆಂಬಲ ಬಂತು. ಐಫೋನಿನಲ್ಲಿ ಆಪಲ್‌ನದೇ ಕನ್ನಡ ಕೀಬೋರ್ಡ್ ಸೇರಿದ್ದು ಐಓಎಸ್ 11ರಲ್ಲಿ, ಅಂದರೆ 2017ಕ್ಕೆ. ಆರು ತಿಂಗಳ ನಂತರ ಹೊಳೆಯೋ ಐಡಿಯಾ ಅಂದಿದ್ರಲ್ಲ? ನಮ್ಮ ಪಾಲಿಗೆ ಅದು ಹತ್ತು ವರ್ಷ.

ಕಳೆದುಕೊಂಡದ್ದೂ ಇದೆ. ಡೆಸ್ಕ್ ಕೆಳಗಿನ ಆ ವಿದ್ಯೆ ಹೋಯ್ತು, ಗಾಜನ್ನ ನೋಡದೆ ಬಳಸೋಕಾಗಲ್ಲ. ನಮಗದು ತಮಾಷೆ, ಕಣ್ಣು ಕಾಣದವರಿಗೆ ತಮಾಷೆಯಲ್ಲ. ಮೊದಲ ಐಫೋನ್ ಅವರಿಗೆ ಬರೀ ನುಣುಪಾದ ಗಾಜು. ಪರದೆಯಲ್ಲಿ ಏನಿದೆ ಅಂತ ಓದಿ ಹೇಳೋ ವಾಯ್ಸ್‌ಓವರ್ ಐಫೋನಿಗೆ ಬರೋಕೆ ಎರಡು ವರ್ಷ ಹಿಡೀತು, 2009ರ 3ಜಿಎಸ್ ಮಾಡೆಲ್‌ನಲ್ಲಿ.

ಮನೇಲಿ ಅಜ್ಜಿ ಹತ್ರ ಹಳೇ ಕೀಪ್ಯಾಡ್ ಫೋನ್ ಇದ್ರೆ ಕಣ್ಮುಚ್ಚಿ 5ನೇ ಕೀ ಹುಡುಕಿ. ಅದರ ಮೇಲೆ ಬೆರಳಿಗೆ ತಾಗೋ ಒಂದು ಪುಟ್ಟ ಚುಕ್ಕಿ ಇರುತ್ತೆ.