ಕರಡಿಯನ್ನು ಹೊಡೆಯಬಹುದಾ?

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಮೊನ್ನೆ ಊರಿಗೆ ಹೋಗಿದ್ದಾಗ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದರು. ಅದು ತಲೆಯಿಂದ ಹೋಗ್ತಾನೇ ಇಲ್ಲ. ಅದಕ್ಕೇ ಈ ಬರಹ.

ನಮ್ಮೂರು ಕೂಡ್ಲಿಗಿ ಕಡೆ. ಸುತ್ತ ಎಲ್ಲಿ ನೋಡಿದರೂ ಬಂಡೆಗುಡ್ಡ, ಕುರುಚಲು ಕಾಡು, ನಡುನಡುವೆ ಶೇಂಗಾ, ಜೋಳದ ಹೊಲ. ಕರಡಿಗೆ ಹೇಳಿ ಮಾಡಿಸಿದ ಜಾಗ. ದೊಡ್ಡಪ್ಪ ಯಾವಾಗಲೂ ಟವೆಲನ್ನು ಎಡಗೆನ್ನೆ ಮುಚ್ಚುವ ಹಾಗೆ ಸುತ್ತಿಕೊಂಡಿರುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ನಸುಕಿನಲ್ಲಿ ಹೊಲಕ್ಕೆ ಹೋದವರಿಗೆ ಬದುವಿನ ಪೊದೆಯ ಹಿಂದೆ ಮರಿ ಹೊತ್ತ ಕರಡಿ ಎದುರಾಗಿತ್ತು. ಒಂದು ನಿಮಿಷವೂ ಇಲ್ಲ, ಎಡಗಣ್ಣು ಹೋಯಿತು, ಕೆನ್ನೆ ಹರಿಯಿತು. ಪರಿಹಾರದ ಹಣಕ್ಕೆ ಒಂದು ಕಚೇರಿಗೆ ಎರಡು ವರ್ಷ ಅಲೆದರು.

ಮೊನ್ನೆ ಕಟ್ಟೆ ಮೇಲೆ ಕೂತು ನಾನು ದರೋಜಿ ಕರಡಿಧಾಮದ ಫೋಟೋ ತೋರಿಸುತ್ತಿದ್ದೆ. ಸುಮ್ಮನೆ ನೋಡಿದರು. ಆಮೇಲೆ ಕೇಳಿದರು, "ನಿಮಗೇನಪಾ, ಬೆಂಗಳೂರಾಗ ಕುಂತು ಕರಡಿ ಚೆಂದ ಅಂತೀರಿ. ಮೊದಲಿನ ಕಾಲದಾಗ ಹೊಡೀತಿದ್ರು. ಈಗ್ಯಾಕ ಹೊಡೀಬಾರದು?"

ಉತ್ತರ ಕೊಡೋಕೆ ಆಗಲಿಲ್ಲ. ವಾಪಸ್ಸು ಬಂದ ಮೇಲೆ ಆ 'ಮೊದಲಿನ ಕಾಲ' ಹೇಗಿತ್ತು ಅಂತ ಹುಡುಕಿಕೊಂಡು ಕೂತೆ.

ಮೊದಲು ಹೆಸರಿನದ್ದೇ ಒಂದು ತಮಾಷೆ. ನಮ್ಮ ಕರಡಿಗೆ ಇಂಗ್ಲಿಷಿನಲ್ಲಿ 'ಸ್ಲಾತ್ ಬೇರ್' ಅಂತಾರೆ. ಸ್ಲಾತ್ ಅಂದರೆ ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಆ ನಿಧಾನದ ಪ್ರಾಣಿ. 1791ರಲ್ಲಿ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ ನಮ್ಮ ಕರಡಿಯ ಉದ್ದ ಉಗುರು, ಮೇಲ್ದವಡೆಯಲ್ಲಿ ಇಲ್ಲದ ಎರಡು ಬಾಚಿಹಲ್ಲು ನೋಡಿ ಇದು ಸ್ಲಾತ್ ಜಾತಿಯದ್ದೇ ಅಂದುಕೊಂಡ. ತಪ್ಪು ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಉಳಿಯಿತು. ಆ ಹಲ್ಲಿನ ಸಂದು ಇರೋದು ಗೆದ್ದಲು ಹೀರೋದಕ್ಕೆ. ಹುತ್ತ ಒಡೆದು, ಮಣ್ಣು ಊದಿ ತೆಗೆದು, ಗೆದ್ದಲನ್ನು ಸೊರ್ ಅಂತ ಎಳೆದುಕೊಳ್ಳುವ ಸದ್ದು ದೂರದವರೆಗೆ ಕೇಳಿಸುತ್ತದೆ. ಗೆದ್ದಲು, ಇರುವೆ, ಜೇನು, ಕವಳಿ ಹಣ್ಣು, ಬಾರೆ ಹಣ್ಣು... ಇಷ್ಟೇ ಅದರ ಊಟ. ಮನುಷ್ಯನನ್ನು ತಿನ್ನೋಕೆ ಅಂತ ಬರುವ ಪ್ರಾಣಿ ಅಲ್ಲವೇ ಅಲ್ಲ.

ಹಾಗಾದರೆ ಮೈಮೇಲೆ ಯಾಕೆ ಬೀಳುತ್ತದೆ? ಹುಲಿ ಇರುವ ಕಾಡಿನಲ್ಲಿ ಬೆಳೆದ ಪ್ರಾಣಿ ಇದು. ಹುಲಿ ಎದುರಾದಾಗ ಓಡಿದರೆ ಉಳಿಯೋದಿಲ್ಲ. ತಿರುಗಿ ನಿಂತು ಅಬ್ಬರಿಸಿ ಮೇಲೆ ಬಿದ್ದರೆ ಉಳಿಯಬಹುದು. ಆ ಅಭ್ಯಾಸವನ್ನೇ ನಮ್ಮ ಮೇಲೂ ತೋರಿಸುತ್ತದೆ. ಕಣ್ಣು, ಕಿವಿ ಅಷ್ಟು ಚುರುಕಲ್ಲ, ಹುತ್ತದಲ್ಲಿ ಮೂತಿ ತೂರಿಸಿದ್ದರಂತೂ ನಾವು ತೀರಾ ಹತ್ತಿರ ಹೋಗುವವರೆಗೂ ಗೊತ್ತಾಗುವುದೇ ಇಲ್ಲ.

ಬ್ರಿಟಿಷರ ಕಾಲದಲ್ಲಿ ಇದಕ್ಕೆ ಒಂದೇ ಪರಿಹಾರ, ಕೋವಿ. ಹುಲಿ, ಚಿರತೆ, ತೋಳಗಳ ಜೊತೆ ಕರಡಿಯೂ 'ಅಪಾಯಕಾರಿ ಪ್ರಾಣಿ'ಗಳ ಸರ್ಕಾರಿ ಪಟ್ಟಿಯಲ್ಲಿತ್ತು. ಎಷ್ಟು ಜನ ಸತ್ತರು, ಎಷ್ಟು ಪ್ರಾಣಿ ಹೊಡೆದರು ಅಂತ ವರ್ಷವರ್ಷ ಲೆಕ್ಕ ಬರೆಯುತ್ತಿದ್ದರು. ಕಾಡಿನಲ್ಲಿ ಎಷ್ಟು ಉಳಿದಿವೆ ಅನ್ನೋದು ಆ ಪಟ್ಟಿಯ ವಿಷಯವೇ ಆಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಗೆ ಅಂತ ಒಂದು ಕಾಯಿದೆ ಬಂತು. ಬೇಟೆ ನಿಲ್ಲಿಸೋಕಲ್ಲ, ಯಾರು ಯಾವಾಗ ಆಡಬಹುದು ಅಂತ ಹೇಳೋಕೆ.

ಬೇಟೆಯ ಪರವಾದ ವಾದ ಎಷ್ಟು ಬಲವಾಗಿರಬಹುದು ಅಂತ ನೋಡಬೇಕಾದರೆ ಕೆನೆತ್ ಆಂಡರ್ಸನ್ ಓದಬೇಕು. ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ನಮಗೆಲ್ಲ ಹತ್ತಿರವಾದವನು. 1957ರಲ್ಲಿ ಬಂದ ಅವನ ಪುಸ್ತಕವೊಂದರಲ್ಲಿ ಅರಸೀಕೆರೆ ಕಡೆಯ ಒಂದು ಕರಡಿಯ ಕಥೆ ಇದೆ. ಅವನ ಲೆಕ್ಕದ ಪ್ರಕಾರ ಅದು ಕನಿಷ್ಠ 12 ಜನರನ್ನು ಕೊಂದಿತ್ತು, ಅದರ ಎರಡರಷ್ಟು ಜನರ ಮುಖ ಮೈ ಹರಿದಿತ್ತು. ಅವನ ಪರಿಚಯದವನೊಬ್ಬನ ಮಗನೂ ಅದಕ್ಕೆ ಬಲಿಯಾದ ಮೇಲೆ ಹಠ ಹಿಡಿದು ಹುಡುಕಿ ಹೊಡೆದ. ಇದನ್ನು ಓದುವಾಗ ನನಗೆ ದೊಡ್ಡಪ್ಪನ ಟವೆಲೇ ಕಣ್ಣ ಮುಂದೆ ಬಂತು. ಆ ಕರಡಿಯನ್ನು ಹೊಡೆದದ್ದು ತಪ್ಪು ಅಂತ ನನ್ನ ಬಾಯಲ್ಲಿ ಬರೋದಿಲ್ಲ. ಆದರೆ ಅದೇ ಕಥೆಯಲ್ಲಿ ಇನ್ನೊಂದು ಮಾತೂ ಇದೆ. ಆ ಕರಡಿ ಹಾಗಾಗೋಕೆ ಹಿಂದೆ ಮನುಷ್ಯರೇ ಅದಕ್ಕೆ ಏನೋ ಮಾಡಿರಬೇಕು ಅನ್ನೋ ಅನುಮಾನ ಅವನಿಗೂ ಇತ್ತು.

ಈ ಚರ್ಚೆ ನಮ್ಮಲ್ಲಿಗಿಂತ ಜೋರಾಗಿ ನಡೆದದ್ದು ಉತ್ತರ ಅಮೆರಿಕದಲ್ಲಿ. ಮಕ್ಕಳು ತಬ್ಬಿಕೊಂಡು ಮಲಗುವ ಟೆಡ್ಡಿ ಬೇರ್ ಹುಟ್ಟಿದ್ದೇ ಇಂಥ ಒಂದು ಬೇಟೆಯಿಂದ. 1902ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋಗಿದ್ದ. ಅವನಿಗೆ ಒಂದೂ ಸಿಗಲಿಲ್ಲ. ಹಿಂದೆ ಗುಲಾಮನಾಗಿದ್ದ ಹೋಲ್ಟ್ ಕೋಲಿಯರ್ ಎಂಬ ನುರಿತ ಬೇಟೆಗಾರ ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿ ಕರೆದ. ಕಟ್ಟಿಹಾಕಿದ್ದನ್ನು ಹೊಡೆಯೋದು ಬೇಟೆಗಾರನ ಧರ್ಮವಲ್ಲ ಅಂತ ರೂಸ್‌ವೆಲ್ಟ್ ಒಪ್ಪಲಿಲ್ಲ. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಗೊಂಬೆ ಬಂತು, ಜಗತ್ತೆಲ್ಲ ಹೊಗಳಿತು. ಕಥೆಯ ಬಾಲವನ್ನು ಮಾತ್ರ ಯಾರೂ ಹೇಳೋದಿಲ್ಲ. ಗಾಯವಾಗಿ ನರಳುತ್ತಿದ್ದ ಆ ಕರಡಿಯನ್ನು ಅವನ ಮಾತಿನಂತೆಯೇ ಚಾಕುವಿನಿಂದ ಕೊಂದರು! ನೀತಿ ಯಾರದ್ದು, ಕರಡಿಯದ್ದೋ ಬೇಟೆಗಾರನದ್ದೋ?

ಆ ಸೀಮೆಯ ಕರಡಿ, ಅಂದರೆ ಲೂಯಿಸಿಯಾನ ಕಪ್ಪು ಕರಡಿ, ಮುಂದೆ ಎಷ್ಟು ಕಡಿಮೆಯಾಯಿತೆಂದರೆ 1992ರಲ್ಲಿ ಅದನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಚೇತರಿಸಿಕೊಂಡಿದೆ ಅಂತ 2016ರಲ್ಲಿ ತೆಗೆದರು. 2024ರ ಡಿಸೆಂಬರಿನಲ್ಲಿ ಲೂಯಿಸಿಯಾನದಲ್ಲಿ ಬೆರಳೆಣಿಕೆಯ ಪರವಾನಗಿ ಕೊಟ್ಟು ಮತ್ತೆ ಬೇಟೆ ಶುರು ಮಾಡಿದರು. ಎಣಿಸಿ ಹೊಡೆದರೆ ಸಂತತಿಗೆ ತೊಂದರೆ ಇಲ್ಲ, ಪರವಾನಗಿಯ ದುಡ್ಡು ಸಂರಕ್ಷಣೆಗೆ ಆಗುತ್ತದೆ ಅನ್ನೋದು ಅಲ್ಲಿಯ ಬೇಟೆಯ ಪರ ವಾದ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಇದಕ್ಕೆ ತದ್ವಿರುದ್ಧ. ಅಲ್ಲಿ ಸರ್ಕಾರದ ಅಂದಾಜಿನಂತೆ 15,000 ಗ್ರಿಜ್ಲಿ ಕರಡಿಗಳಿದ್ದವು, ವರ್ಷಕ್ಕೆ ಸುಮಾರು 250ನ್ನು ಹೊಡೆಯುತ್ತಿದ್ದರು. ಲೆಕ್ಕದ ಪ್ರಕಾರ ತಾಳಿಕೊಳ್ಳಬಹುದು ಅಂತ ಬೇಟೆಗಾರರು ವಾದಿಸಿದರು. ಆದರೂ 2017ರ ಡಿಸೆಂಬರಿನಲ್ಲಿ ಆ ಬೇಟೆಯನ್ನು ನಿಷೇಧಿಸಿದರು. ಕಾರಣ ಲೆಕ್ಕವಲ್ಲ, ಜನರಿಗೆ ಇದು ಬೇಡವಾಗಿದೆ ಅನ್ನೋದು. ಅಂದರೆ 'ಹೊಡೆದರೆ ಉಳಿಯುತ್ತವೆಯೇ' ಅನ್ನೋದು ಒಂದು ಪ್ರಶ್ನೆ, 'ಹೊಡೆಯೋದು ಸರಿಯೇ' ಅನ್ನೋದು ಬೇರೆಯೇ ಪ್ರಶ್ನೆ. ನಾವು ಎರಡನ್ನೂ ಕಲಸಿ ಜಗಳ ಆಡುತ್ತೇವೆ.

ನಮ್ಮ ಕರಡಿಗೆ ಮೊದಲ ಪ್ರಶ್ನೆಯಲ್ಲೇ ಪಾಸಾಗೋದು ಕಷ್ಟ. ಒಂದು ಸೂಲಿಗೆ ಒಂದೋ ಎರಡೋ ಮರಿ. ತಾಯಿ ಅವನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು, ಎರಡು ವರ್ಷಕ್ಕೂ ಹೆಚ್ಚು ಕಾಲ ಜೊತೆಗಿಟ್ಟುಕೊಳ್ಳುತ್ತದೆ. ಅಷ್ಟರವರೆಗೆ ಮುಂದಿನ ಸೂಲಿಲ್ಲ. ಒಂದು ತಾಯಿ ಸತ್ತರೆ ಮರಿಗಳೂ ಹೋದ ಹಾಗೆ. ಜಗತ್ತಿನಲ್ಲೇ ಇವು 20,000ಕ್ಕಿಂತ ಕಡಿಮೆ ಇರಬಹುದು ಅಂತ ಅಂದಾಜು. ನಮ್ಮಲ್ಲಿ ಮರಿಗಳನ್ನು ಕದಿಯೋಕೆ ತಾಯಿಯನ್ನು ಕೊಲ್ಲುತ್ತಿದ್ದರು ಅನ್ನೋದನ್ನೂ ಮರೆಯಬಾರದು. ಚಿಕ್ಕವರಿದ್ದಾಗ ನಮ್ಮ ಬೀದಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ಅಜ್ಜಿ ಕರಡಿ ಕೂದಲಿನ ತಾಯತ ಕಟ್ಟಿಸಿದ್ದಳು, ರಾತ್ರಿ ಬೆಚ್ಚಿ ಬೀಳದಿರಲಿ ಅಂತ. ಆ ಮೂಗುದಾರದ ಹಿಂದೆ ಒಂದು ಸತ್ತ ತಾಯಿ ಇತ್ತು ಅಂತ ನನಗೆ ಗೊತ್ತಾಗೋಕೆ ಇಪ್ಪತ್ತು ವರ್ಷ ಬೇಕಾಯಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮೊದಮೊದಲು ಅದರಲ್ಲೂ ಕೆಲವು ಪ್ರಾಣಿಗಳಿಗೆ ಬೇಟೆಯ ಲೈಸೆನ್ಸ್ ಇತ್ತು. 1991ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಕರಡಿ ಒಂದನೇ ಶೆಡ್ಯೂಲಿನಲ್ಲಿದೆ. 1994ರಲ್ಲಿ ದರೋಜಿ ಕರಡಿಧಾಮ ಆಯಿತು, 2013ರಲ್ಲಿ ನಮ್ಮ ಗುಡೇಕೋಟೆಯಲ್ಲೂ ಒಂದು. ಆದರೆ ಕಾಯಿದೆ ದೊಡ್ಡಪ್ಪನ ಕೈ ಕಟ್ಟಿಹಾಕಿಲ್ಲ. ಜೀವ ಉಳಿಸಿಕೊಳ್ಳೋಕೆ ಹೊಡೆದರೆ ಅಪರಾಧವಲ್ಲ. ಮನುಷ್ಯನ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು, ಹಿಡಿದು ಸಾಗಿಸೋಕೆ ಆಗದಿದ್ದರೆ, ಕೊಲ್ಲೋಕೆ ಅನುಮತಿ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. ಆಂಡರ್ಸನ್ನನ ಕರಡಿಗೆ ಇವತ್ತೂ ಜಾಗ ಇದೆ. ಇಲ್ಲದ್ದು ಗೋಡೆಗೆ ನೇತುಹಾಕುವ ಚರ್ಮಕ್ಕೆ.

ಇಷ್ಟೆಲ್ಲ ಓದಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡರು. "ಅದೂ ತಾಯೀನ ಬಿಡು, ಮರಿ ಕಾಯಾಕ ಬಂದಿತ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಗುಡ್ಡ ಎಲ್ಲಾ ಕಲ್ಲು ಕ್ವಾರಿ ಮಾಡಿ ಅದನ್ನ ನನ್ನ ಹೊಲಕ್ಕ ಅಟ್ಟಿದವರಿಗೆ ಯಾವ ಶೆಡ್ಯೂಲು?" ಅಂತ ಕೇಳಿದರು.

ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಈಗ ಇದೆ: ಶೋಕಿಗೆ ಹೊಡೆಯಬಾರದು. ನಮ್ಮ ಕರಡಿ ಅದನ್ನು ತಾಳೋದಿಲ್ಲ, ತಾಳಿದರೂ ಅದು ಸರಿಯಲ್ಲ. ಆದರೆ ಕರಡಿ ಉಳಿಸುವ ಖರ್ಚನ್ನು ಒಂದು ಕಣ್ಣಿನಲ್ಲಿ ಕಟ್ಟಿದವರು ದೊಡ್ಡಪ್ಪ. ಫೋಟೋ ತೆಗೆದ ನಾನಲ್ಲ. ಪರಿಹಾರಕ್ಕೆ ಎರಡು ವರ್ಷ ಅಲೆಸಿ, ಕರಡಿಯನ್ನು ಪ್ರೀತಿಸಿ ಅಂತ ಅವರಿಗೆ ಹೇಳುವ ಮುಖ ನನಗಿಲ್ಲ.

ಎರಡನೇ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿದ್ದರೆ ಹೇಳಿ. ನಿಮ್ಮೂರ ಕಡೆಯ ಕರಡಿ ಕಥೆಗಳಿದ್ದರೆ ಅದನ್ನೂ ಬರೆಯಿರಿ, ದೊಡ್ಡಪ್ಪನಿಗೆ ಓದಿ ಹೇಳ್ತೀನಿ.