ಬುಕ್ಕರಾಯನ ತೀರ್ಪು ಮತ್ತು ಅದನ್ನು ಕಾಯ್ದವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ಶ್ರವಣಬೆಳಗೊಳಕ್ಕೆ ಯಾತ್ರೆ ಹೋಗುವ ಶ್ರಾವಕರು, ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರಿಗೆ ವಂದಿಸದೆ ಮರಳುವುದಿಲ್ಲ. ಆದರೆ ಆ ಬಸದಿಯ ಬಳಿಯಲ್ಲಿರುವ ಬುಕ್ಕರಾಯನ 1368ರ ಶಿಲಾಶಾಸನದ ಮುಂದೆ ನಿಲ್ಲುವವರು ವಿರಳ.

ಆ ಕಾಲದ ರಾಜ್ಯಗಳಲ್ಲಿ ನ್ಯಾಯವಿಚಾರಣೆಯು ಆಡಳಿತದಿಂದ ಬೇರೆಯಾಗಿರಲಿಲ್ಲ. ಅರಸನೇ ಪರಮ ನ್ಯಾಯಾಧಿಪತಿ. ಅವನಿಗೆ ಅವಕಾಶವಿಲ್ಲದಾಗ ಪ್ರಾಡ್ವಿವಾಕನು ಸಭ್ಯರೊಡನೆ ಕುಳಿತು ವ್ಯಾಜ್ಯಗಳನ್ನು ವಿಚಾರಿಸಬೇಕೆಂಬುದು ಧರ್ಮಶಾಸ್ತ್ರಗಳ ವಿಧಿ. ಜೈನಾಚಾರ್ಯ ಸೋಮದೇವಸೂರಿಗಳು 10ನೆಯ ಶತಮಾನದ ತಮ್ಮ ‘ನೀತಿವಾಕ್ಯಾಮೃತ’ದಲ್ಲಿ ವಿವಾದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾರೆ. ವಿಜಯನಗರದಲ್ಲಿ ಈ ಹೊಣೆಯನ್ನು ದಣ್ಣಾಯಕನು ಹೊತ್ತಿದ್ದುದನ್ನು 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಕಂಡು ಬರೆದಿದ್ದಾನೆ. ದಣ್ಣಾಯಕನು ಎತ್ತರದ ಪೀಠದಲ್ಲಿ ಒಬ್ಬನೇ ಕುಳಿತು ಅಹವಾಲುಗಳನ್ನು ಕೇಳಿ ಆಜ್ಞೆ ಕೊಡುತ್ತಿದ್ದನು, ಅದಕ್ಕೆ ಎದುರಾಡುವವರಿರಲಿಲ್ಲ. ಬಳಿಕ ಛತ್ರಿ, ಕಹಳೆಗಳೊಡನೆ ಹೊರಟು, ಏಳು ಬಾಗಿಲುಗಳಲ್ಲಿ ಅವೆಲ್ಲವನ್ನೂ ಬಿಟ್ಟು, ಕೊನೆಗೆ ಒಂಟಿಯಾಗಿ ಅರಸನಿಗೆ ವರದಿ ಒಪ್ಪಿಸುತ್ತಿದ್ದನು. ಅಷ್ಟು ದೊಡ್ಡ ಅಧಿಕಾರಿಗೂ ಲೆಕ್ಕ ಕೇಳುವವನೊಬ್ಬನಿದ್ದನು.

1368ರ ವ್ಯಾಜ್ಯವಾದರೋ ನೇರವಾಗಿ ಅರಸನ ಮುಂದೆಯೇ ಬಂದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದೆಡೆಗಳ ಜೈನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗಿದೆಯೆಂದು ಬಿನ್ನವಿಸಿಕೊಂಡರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಸಮ್ಮುಖದಲ್ಲಿ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಉಳಿಯಿತು.

ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅರಸನು ಅತ್ತ ಹೋದ ಮೇಲೆ ತೀರ್ಪನ್ನು ಕಾಯುವವರು ಯಾರು? ವ್ಯವಹಾರ ಬಲ್ಲವರು ಕೇಳುವುದು ಇದನ್ನೇ, ಶಾಸನದಲ್ಲಿ ಉತ್ತರವೂ ಇದೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಎತ್ತಬೇಕು. ಅದರಿಂದ ಬೆಳ್ಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿರಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆಯನ್ನು ಒಪ್ಪಿಸಿದ್ದು ಎದುರುಪಕ್ಷದವನೇ ಆದ ತಿರುಮಲೆಯ ತಾತಯ್ಯನಿಗೆ! ಅನ್ಯಾಯಕ್ಕೊಳಗಾದವರೇ ತಮ್ಮ ರಕ್ಷಣೆಗೆ ಹಣ ತೆರುವುದು ಸರಿಯೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಕಾವಲನ್ನು ಎದುರುಪಕ್ಷದ ಮಾನಕ್ಕೇ ಕಟ್ಟಿಹಾಕಿದ ಜಾಣ್ಮೆ ದೊಡ್ಡದು. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ ಎಂದು ವಿಧಿಸಲಾಯಿತು.

ಮುಂದೆ ಕಲ್ಲೇಹದ ಬುಸುವಿಸೆಟ್ಟಿಯು ಅರಸನಿಗೆ ಬಿನ್ನವಿಸಿ, ತಾತಯ್ಯನನ್ನು ಕರೆಯಿಸಿ ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯಗಳವರೂ ಕೂಡಿ ಈ ವರ್ತಕನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಅವನ ಊರಾದ ಕಲ್ಲೇಹವೇ ಮಾಗಡಿ ತಾಲ್ಲೂಕಿನ ಕಲ್ಯ. ಇದೇ ತೀರ್ಪಿನ ಇನ್ನೊಂದು ಶಾಸನವು ಅಲ್ಲಿಯೂ ದೊರೆತಿದೆ.